ಅವ್ವನ ಬಾಯಿಗೆ ಬರದ ಸೆಕ್ಟರ್

ನಮ್ಮವ್ವನ ಬಾಯಲ್ಲಿ ಇಂಗ್ಲಿಷ್ ಹೊರಳುವುದಿಲ್ಲವೆಂದು ಯಾರೂ ತಿಳಿಯಬಾರದು. ಬಸ್ಸು, ಟಾನಿಕ್ಕು, ಚಾರ್ಜರು ಎಲ್ಲವನ್ನೂ ಸಲೀಸಾಗಿ ಅನ್ನುತ್ತಾಳೆ. ಸೆಕ್ಟರ್ ಎಂಬ ಒಂದು ಪದ ಬಂದರೆ ಮಾತ್ರ ಬಾಯಿಗೆ ಬೀಗ. ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ನಮ್ಮ ಓಣಿ ಮುಳುಗಿದ ಮೇಲೆ ನವನಗರದಲ್ಲಿ ಮನೆ ಕಟ್ಟಿಕೊಂಡೆವು. ಇಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರು, ಅದಕ್ಕೊಂದು ನಂಬರು. "ಅವ್ವಾ, ಸೆಕ್ಟರ್ ಹೇಳದಿದ್ರ ಆಟೋದವ ನಿನ್ನ ಎಲ್ಲಿಗಂತ ಒಯ್ಯಬೇಕು?" ಎಂದು ಬಾಯಿ ಬಡಿದುಕೊಂಡೆ. ಗೋರ್ಕಲ್ಲ ಮೇಲೆ ಮಳೆ ಗರೆದಂತಾಯಿತು.

ಮೊನ್ನೆ ಬೆಳಿಗ್ಗೆ ಹೇಳದೆ ಕೇಳದೆ ಹೊರಟುಬಿಟ್ಟಿದ್ದಳು. ಹಳೆಯ ಓಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿ ಅವ್ವನ ಒಬ್ಬ ಗೆಳತಿಯಿದ್ದಳು. ಇವರಿಬ್ಬರ ಹೆಪ್ಪು, ರೊಟ್ಟಿ, ಜಗಳ ಎಲ್ಲವೂ ಆ ಗೋಡೆಯ ಮೇಲಿಂದಲೇ ಓಡಾಡುತ್ತಿದ್ದವು. ಪ್ಲಾಟು ಹಂಚಿದಾಗ ಆಕೆಗೆ ಬೇರೆ ಕಡೆ ಬಂತು, ಒಡನಾಟ ಅಲ್ಲಿಗೆ ಮುಗಿಯಿತು. ಈಗ ಆಕೆ ಹಾಸಿಗೆ ಹಿಡಿದಿದ್ದಾಳೆಂದು ಸಂತೆಯಲ್ಲಿ ಯಾರೋ ಅಂದರಂತೆ. ಒಮ್ಮೆ ಮುಖ ನೋಡಿ ಬರಬೇಕೆಂದು ಅವ್ವ ಹೋಗಿದ್ದಳು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವಳು ನನಗೆ ಸಿಕ್ಕಳು. ಆಟೋದವನಿಗೆ ಮುಳುಗಿದ ಓಣಿಯ ಹೆಸರು, ಗೆಳತಿಯ ಗಂಡನ ಮನೆತನ ಹೇಳಿದ್ದಾಳೆ! ಪಾಪ, ಅವನು ಸುತ್ತಿಸಿ ಸುತ್ತಿಸಿ ಬೇಸತ್ತು ಇಳಿಸಿ ಹೋಗಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

"ಒಂದ್ ಶಬ್ದ ಕಲಿಯಾಕ ಏನ್ ಧಾಡಿ ನಿನಗ?" ಎಂದು ಜನರೆದುರೇ ಕೂಗಾಡಿದೆ.

"ಆ ಶಬ್ದದಾಗ ಏನೈತಿ ಅಂತ ಕಲೀಲಿ?" ಎಂದಳು.

ಇಂಗ್ಲಿಷ್ ಕಲಿಸಿಯೇ ಹೊಟ್ಟೆ ಹೊರೆಯುವ ನನಗೆ ಈ ಸವಾಲು! ಮನೆಗೆ ಬಂದವನೇ ಅವಳನ್ನು ಎದುರಿಗೆ ಕೂಡಿಸಿಕೊಂಡು ನಿಘಂಟು ತೆಗೆದೆ. ವೃತ್ತದ ನಡುವಿನಿಂದ ಅಂಚಿಗೆ ಎರಡು ಗೆರೆ ಎಳೆದರೆ ಸಿಗುವ ತುಂಡು ಸೆಕ್ಟರ್. ಊರಿನ ಭಾಗಕ್ಕೂ, ಸೈನ್ಯ ಕಾಯುವ ಗಡಿಯ ಭಾಗಕ್ಕೂ, ವ್ಯಾಪಾರ ಉದ್ಯಮಗಳ ವಲಯಕ್ಕೂ ಅದೇ ಪದ. ಮೂಲ ಲ್ಯಾಟಿನ್, 'ಕತ್ತರಿಸು' ಎಂಬ ಧಾತುವಿನಿಂದ ಹುಟ್ಟಿದ್ದು. ಎಲ್ಲವನ್ನೂ ಮಾಸ್ತರನ ಗತ್ತಿನಲ್ಲಿ ಓದಿ ಹೇಳಿ, "ತಿಳೀತೇನು? ಕತ್ತರಿಸಿದ ತುಂಡು ಅಂತ ಅರ್ಥ" ಅಂದೆ.

"ಆತು, ಕಲ್ತೆ. ಸೆಕ್ಟರ್," ಎಂದಳು ಅವ್ವ, ಮೊದಲ ಸಲ, ಸ್ಪಷ್ಟವಾಗಿ. "ಈಗ ನೀ ಹೇಳು. ಆಕೀನ ಯಾವ ತುಂಡಿನ್ಯಾಗ ಹಾಕ್ಯಾರ?"

ಅದು ನನಗೂ ಗೊತ್ತಿರಲಿಲ್ಲ.