ಆಯಿಯ ಮನೆ ತೋರಿಸಿಕೊಟ್ಟ ನಕ್ಷೆ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಸೇಡಂನ ಒಂದು ಕಚೇರಿಯಲ್ಲಿ ಹೊಲಗಳ ನಕ್ಷೆ ನಕಲು ಮಾಡುತ್ತಿದ್ದೆ. ಎಲ್ಲವೂ ಉರ್ದುವಿನಲ್ಲಿ. ಯಾರ್‍ಯಾರದೋ ಹೊಲದ ಗಡಿ ಎಳೆದೆಳೆದು ಬೇಸರವಾಗಿ, ಒಂದು ಮಧ್ಯಾಹ್ನ ಕೆಟ್ಟುಹೋದ ಹಾಳೆಯ ಹಿಂಬದಿಗೆ ನನ್ನದೇ ನಕ್ಷೆ ಬರೆಯತೊಡಗಿದೆ, ಕನ್ನಡದಲ್ಲಿ. ಶಹಾಬಾದಿನ ಕಲ್ಲುಗಣಿಯ ಪಕ್ಕ ‘ಇಲ್ಲಿ ಅಪ್ಪನ ಬೆರಳು ಜಜ್ಜಿತು’ ಎಂದು ಬರೆದೆ. ವಾಡಿ ಸ್ಟೇಷನ್ನಿನ ಹತ್ತಿರ, ರೈಲು ತಪ್ಪಿ ಅವ್ವ ದಿನವಿಡೀ ಕೂತಿದ್ದ ಬೇವಿನ ಮರ. ಚಿಂಚೋಳಿಯ ಕಾಡಿನಂಚಿಗೆ ಸೋದರಮಾವನ ಮನೆ. ಹೈದರಾಬಾದಿಗೆ ಜಾಗವೇ ಉಳಿಯಲಿಲ್ಲ. ಚಿತ್ತಾಪುರದ ನಮ್ಮ ಓಣಿಯಲ್ಲಿ ಸಣ್ಣದೊಂದು ಚೌಕ ಹಾಕಿ ‘ಇಲ್ಲಿ ಆಯಿ ಅಕ್ಷರ ಕಲಿಸುತ್ತಾಳೆ’ ಎಂದು ಬರೆದೆ.

ಓಣಿಯವರೆಲ್ಲ ಆಯಿ ಎನ್ನುತ್ತಿದ್ದರೂ ಅವಳು ನಮ್ಮ ಬಳಗದವಳಲ್ಲ. ಗಂಡ ಸತ್ತ ಮುದುಕಿ. ಪಡಸಾಲೆಯಲ್ಲಿ ಮರಳು ಹರಡಿ ಓಣಿಯ ಮಕ್ಕಳಿಗೆ ಕನ್ನಡ ತಿದ್ದಿಸುತ್ತಿದ್ದಳು. ನನಗೂ ಅವಳೇ ಕಲಿಸಿದ್ದಳು. ಆಗ ಒಂಬತ್ತು ವರ್ಷದ ನನ್ನ ತಂಗಿ ಅವಳ ಹತ್ತಿರ ಹೋಗುತ್ತಿದ್ದಳು. ಮನೆಯಲ್ಲಿ ಶಾಲೆ ನಡೆಸಲೂ ಆಗ ಸರ್ಕಾರದ ಪರವಾನಗಿ ಬೇಕಿತ್ತು, ಆಯಿಗೆ ಅದು ಇರಲಿಲ್ಲ. ಓಣಿಯವರು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ.

ನನ್ನ ಮೇಲಧಿಕಾರಿ ಕಡತ ನೋಡುವಾಗ ಆ ಹಾಳೆ ಅವನ ಕೈಗೆ ಸಿಕ್ಕಿತು. ಎಲ್ಲರ ಮೇಲೂ ಗುಮಾನಿಯಿದ್ದ ಕಾಲ ಅದು.

“ಸರ್ಕಾರಿ ಕಾಗದದ ಮ್ಯಾಲ ಇದೇನ್ ಬರ್ದೀಯೋ?”

“ಸುಮ್ನ ಬರ್ದೀನ್ರಿ, ಸಾಹೇಬ್ರ.”

“ಸುಮ್ನ ಯಾರ್ ನಕ್ಷಾ ಬರೀತಾರ? ಈ ಅಕ್ಷರ ಕಲಿಸೋ ಮನಿ ಯಾರ್ದು? ಹೇಳ್ತೀಯೋ, ನೌಕರಿ ಬಿಡ್ತೀಯೋ?”

ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಓಣಿ, ಬಾಗಿಲಿನ ಗುರುತು, ಮಕ್ಕಳು ಬರುವ ಹೊತ್ತು, ಕೇಳದಿದ್ದದ್ದನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟೆ.

ಮೂರನೆಯ ದಿನ ಪೊಲೀಸರು ಚಿತ್ತಾಪುರಕ್ಕೆ ಹೋದರು. ಪುಸ್ತಕಗಳನ್ನು ಅಂಗಳಕ್ಕೆ ಎಸೆದು, ಇನ್ನೊಮ್ಮೆ ಮಕ್ಕಳು ಕಂಡರೆ ಜೈಲಿಗೆ ಹಾಕುತ್ತೇವೆಂದು ಹೆದರಿಸಿ ಬಂದರು. ಆ ವಾರ ನಾನು ಹೋದಾಗ ಆಯಿ ಒಬ್ಬಳೇ ಜೋಳ ಹಸನು ಮಾಡುತ್ತ ಕೂತಿದ್ದಳು. ಪೊಲೀಸರು ನನ್ನ ನಕ್ಷೆಯನ್ನು ಅವಳ ಮುಂದೆ ಹಿಡಿದಿದ್ದರಿಂದ ಅವಳಿಗೆ ಎಲ್ಲ ತಿಳಿದಿತ್ತು.

“ನನ್ನ ಮನಿ ದಾರಿ ನಿನಗ ಮರೀತಿತ್ತೇನೋ, ಕಾಗದದಾಗ ಬರಕೊಳ್ಳಲಿಕ್ಕ?”

“ತಪ್ಪಾತು, ಆಯಿ.”

“ಬರ್ದದ್ದು ತಪ್ಪಲ್ಲ ಬಿಡು. ಬಾಯಿ ಬಿಟ್ಟು ಹೇಳಿದಿ ನೋಡು, ಅದು.”

ಆಮೇಲೆ ಮೊರದಿಂದ ತಲೆ ಎತ್ತಲಿಲ್ಲ. ಕುಂದ್ರು ಎಂದೂ ಹೇಳಲಿಲ್ಲ. ನಾನು ಹೊಸ್ತಿಲಿಂದಲೇ ಹೊರಟೆ.

ನನ್ನ ನೌಕರಿ ಉಳಿಯಿತು. ಮುಂದೆ ನಿಜಾಮರ ಆಳ್ವಿಕೆ ಹೋಗಿ ನಮ್ಮೂರಿಗೂ ಕನ್ನಡ ಶಾಲೆ ಬಂತು. ಅಷ್ಟರಲ್ಲಿ ಆಯಿ ತೀರಿಕೊಂಡಿದ್ದಳು, ತಂಗಿಯ ಲಗ್ನವಾಗಿತ್ತು. ಅವಳ ಅಕ್ಷರಾಭ್ಯಾಸ ಅರ್ಧಕ್ಕೇ ನಿಂತದ್ದು ಮುಂದುವರಿಯಲೇ ಇಲ್ಲ. ಈಗ ಆಡಕಿ ಊರಿನಲ್ಲಿರುವ ಅವಳ ಮನೆಗೆ ಹೋದಾಗಲೆಲ್ಲ ಮಗಳಿಂದ ಬಂದ ಕಾಗದ ತಂದು ನನ್ನ ಕೈಗಿಟ್ಟು, “ಓದಿ ಹೇಳಣ್ಣ” ಎನ್ನುತ್ತಾಳೆ. ಪೊಲೀಸರಿಗೆ ಸುಳಿವು ಕೊಟ್ಟವರು ಯಾರೆಂದು ಆಯಿ ಯಾರ ಮುಂದೆಯೂ ಹೇಳಿರಲಿಲ್ಲ; ತಂಗಿಗೆ ಅದು ಇಂದಿಗೂ ಗೊತ್ತಿಲ್ಲ. ಓದಿ ಹೇಳುತ್ತೇನೆ, ಊಟ ಮಾಡುತ್ತೇನೆ, ಬರುತ್ತೇನೆ.