ಕರಿಬಂಡೆಯ ಹಿಂದೆ

ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಗೆ ತಂದರೆ ಅವನ ಆಯುಷ್ಯ ಸವೆಯುತ್ತದೆಂದು ಮೂಡಲಗಿಯ ಶಿವಗಂಗವ್ವನಿಗೆ ಅವಳ ತಾಯಿ ಹೇಳಿಕೊಟ್ಟಿದ್ದಳು. ತಾಯಿಗೆ ಅವಳ ತಾಯಿ. ಮದುವೆಯ ದಿನ ಹಿರಿಯರ ಒತ್ತಾಯಕ್ಕೆ ಒಡಪಿನ ಪ್ರಾಸದ ಸಾಲಿನೊಳಗೆ ಹುದುಗಿಸಿ ಒಂದು ಸಲ ಹೇಳಿದ್ದನ್ನು ಬಿಟ್ಟರೆ ಆಕೆ ಆ ಹೆಸರನ್ನು ಮತ್ತೆಂದೂ ಉಚ್ಚರಿಸಿರಲಿಲ್ಲ. ಮೊದಲು ಬರಿಯ ‘ಅವರು’ ಆಗಿದ್ದ ಗಂಡ, ಮಗಳು ಹುಟ್ಟಿದ ಮೇಲೆ ‘ಚನ್ನವ್ವನ ಅಪ್ಪ’ ಆದ.

ಆತನ ಹೆಸರು ವೀರಪ್ಪ. ಸ್ವಂತ ಚಕ್ಕಡಿ, ಸ್ವಂತ ಎತ್ತು. ಸಾವಿರದ ಒಂಬೈನೂರ ಇಪ್ಪತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಹುಕ್ಕೇರಿ ತಾಲೂಕಿನ ಯಮಕನಮರಡಿಯ ಹತ್ತಿರ ಸಡಕು ಅಗಲ ಮಾಡುವ ಕೆಲಸ ನಡೆದಾಗ ಕಲ್ಲು ಸಾಗಿಸಲು ಹೋದವನು, ಹೆಂಡತಿ ಮಗಳನ್ನೂ ಕರೆದುಕೊಂಡು ಹೋಗಿ ಅಲ್ಲಿಯೇ ಗುಡಿಸಲು ಹಾಕಿದ. ಕೆಲಸದ ಮೇಲಿನ ಇಂಗ್ಲಿಷ್ ಸಾಹೇಬ ತನ್ನ ಹೆಂಡತಿ ಹಾಗೂ ಕೂಸಿನೊಡನೆ ಡೇರೆಯಲ್ಲಿದ್ದ. ಡೇರೆಯ ಕಸ, ನೀರು, ಕೂಸಿನ ಆರೈಕೆ ಶಿವಗಂಗವ್ವನ ಪಾಲಿಗೆ ಬಂದವು.

“ಕೋಳಿ ಕೊಯ್ಯೂ ಅಡಿಗಿ ಡೇರೆದಾಗ ಕಾಲ ಇಡೂದಿಲ್ರಿ. ಉಳದದ್ದ ಏನ ಹೇಳಿದ್ರೂ ಮಾಡತೇನಿ,” ಎಂದು ಆಳುಗಳ ಮೇಲಿನ ಮುಕಾದಮ ರಾಯಪ್ಪನಿಗೆ ಆಕೆ ಮೊದಲೇ ಹೇಳಿದಳು.

“ಇಡಬ್ಯಾಡವಾ. ನಿನ್ನ ಹಣಿಮ್ಯಾಲಿನ ಇಬತ್ತಿ ನೋಡಿ ಸಾಹೇಬನ ಕೋಳಿಗೂ ವೈರಾಗ್ಯ ಬಂದೀತು,” ಎಂದು ರಾಯಪ್ಪ ನಕ್ಕ.

ಮೇಮಸಾಹೇಬಳಿಗೆ ಕನ್ನಡ ಬಾರದು, ಶಿವಗಂಗವ್ವನಿಗೆ ಇಂಗ್ಲಿಷು ಬಾರದು. ಸಾಹೇಬನ ಹೆಂಡತಿ ಒಂದೊಂದು ವಸ್ತುವನ್ನೂ ಮುಟ್ಟಿ ಹೇಳುತ್ತಿದ್ದಳು. ಟೊಪ್ಪಿಗೆ ಹಿಡಿದು ‘ಸಾಹೇಬ್ಸ್ ಹ್ಯಾಟ್’ ಎನ್ನುವಳು. ಅದನ್ನು ಪೆಟ್ಟಿಗೆಯ ಮೇಲಿಟ್ಟು ‘ಆನ್ ದ ಬಾಕ್ಸ್’, ಮಂಚದ ಕೆಳಗಿಟ್ಟು ‘ಅಂಡರ್ ದ ಕಾಟ್’, ಡೇರೆಯ ಹಿಂದೆ ಹೋಗಿ ನಿಂತು ‘ಬಿಹೈಂಡ್ ದ ಟೆಂಟ್’. ಸಂಜೆ ಒಲೆಯ ಮುಂದೆ ಶಿವಗಂಗವ್ವ ಆ ದಿನದ ಗಳಿಕೆಯನ್ನು ಗಂಡನಿಗೆ ಒಪ್ಪಿಸುವಳು.

“ಇಂಥವರದು ಅಂತ ಹೇಳೂದರಾಗ ಅವರೂ ನಮ್ಮಂಗ ರೀ. ನಾವು ‘ಸಾಹೇಬರ ಟೊಪ್ಪಿಗಿ’ ಅಂತೇವಿ. ನಮ್ಮ ‘ರ’ ಇದ್ದಲ್ಲಿ ಅವರು ಹಾವ ಬುಸ್ ಅಂದಂಗ ಒಂದ ‘ಸ್’ ಅಂತಾರ. ಆದ್ರ ಎಲ್ಲೈತಿ ಅಂತ ಹೇಳಬೇಕಾದ್ರ ಉಲ್ಟಾ. ನಾವು ಪೆಟ್ಟಿಗಿ ಅಂದು ಆಮ್ಯಾಲ ‘ಮ್ಯಾಲ’ ಅಂತೇವಿ. ಅವರು ‘ಮ್ಯಾಲ’ ಅಂತ ಮೊದಲ ಅಂದಬಿಡತಾರ, ಪೆಟ್ಟಿಗಿ ಹಿಂದಿನಿಂದ ಬರತೈತಿ.”

“ಹಂಗಾರ ಅವರು ಮೊದಲ ಉಂಡು ಆಮ್ಯಾಲ ಒಲಿ ಹಚ್ಚತಾರೇನ?”

“ಚಾಷ್ಟಿ ಸಾಕ್ರಿ. ಇನ್ನೊಂದ ಕೇಳ್ರಿ. ಆ ‘ಸ್’ ಅನ್ನೂದು ಜೀವ ಇದ್ದವರಿಗಷ್ಟ. ಸಾಹೇಬಗ, ಕೂಸಿಗೆ, ನಾಯಿಗೂ ಸೈತ ಅಂತಾರ. ಪೆಟ್ಟಿಗಿಗೆ ಅನ್ನೂದಿಲ್ಲ. ಪೆಟ್ಟಿಗಿ ಮುಚ್ಚಳಕ್ಕ ‘ದ ಲಿಡ್ ಆಫ್ ದ ಬಾಕ್ಸ್’ ಅಂತ ಮುಚ್ಚಳ ಮೊದಲ ತಂದು, ಪೆಟ್ಟಿಗಿ ಹಿಂದ ಜೋಡಸತಾರ.”

“ಅಂದ್ರ ನನ್ನ ಚಕ್ಕಡಿಗೆ?”

“ನೀವು ಜೀವಂತ ಇರೂತನಾ ‘ಸ್’,” ಎಂದು ಬಾಯಿ ಜಾರಿ ಬಂದ ಮಾತಿಗೆ ಆಕೆಯೇ ಬೆಚ್ಚಿ, ಬಾಯಿ ಮುಚ್ಚಿಕೊಂಡಳು. ವೀರಪ್ಪ ನಕ್ಕುಬಿಟ್ಟ.

ವೀರಪ್ಪ ಲಿಂಗನಿಷ್ಠೆಯುಳ್ಳವನು. ನಡುಹಗಲಿಗೆ ಎತ್ತುಗಳನ್ನು ದೂರದ ಬೇವಿನ ಮರಕ್ಕೆ ಕಟ್ಟಿ, ಹಳ್ಳದಲ್ಲಿ ಮಿಂದು, ಸಡಕಿನ ಬದಿಯ ಕರಿಬಂಡೆಯ ಹಿಂದಿನ ಪೊಟರೆಯಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂಡುವನು. ಪೂಜೆ ಮುಗಿಯದೆ ತುತ್ತು ಮುಟ್ಟುವವನಲ್ಲ. ಲಿಂಗ ಅಂಗೈಯಲ್ಲಿರುವಷ್ಟು ಹೊತ್ತು ಯಾರು ಕರೆದರೂ ಕಣ್ಣು ತೆರೆಯುವವನಲ್ಲ, ಮೇಲೇಳುವವನೂ ಅಲ್ಲ. ಕಲ್ಲಿಗಾಗಿ ಆ ಬಂಡೆಗೇ ಮದ್ದು ತುಂಬಿ ಸಿಡಿಸುವುದು, ಅಂದರೆ ಸುರಂಗ ಹಾರಿಸುವುದು, ಯಾವಾಗಲೂ ಆಳುಗಳ ಊಟವಾದ ಮೇಲೆ. ಅಷ್ಟರೊಳಗೆ ಆತ ಪೂಜೆ ಮುಗಿಸಿ ಬಂದಿರುತ್ತಿದ್ದ. ಇದು ಅಲ್ಲಿ ಎಲ್ಲರೂ ಬಲ್ಲ ಸಂಗತಿ, ಸಾಹೇಬನೊಬ್ಬನನ್ನು ಬಿಟ್ಟು.

ಆ ದಿನ ಪಡುವಣದಲ್ಲಿ ಮೋಡ ಕವಿಯಿತು. ತುಂಬಿದ ಮದ್ದು ತೊಯ್ದು ಹೋದೀತೆಂದು ಸಾಹೇಬ ಊಟಕ್ಕೆ ಮೊದಲೇ ಸುರಂಗ ಹಾರಿಸಲು ಹೇಳಿದ. ರಾಯಪ್ಪ ಆಳುಗಳನ್ನು ಕೆಂಪು ಬಾವುಟದ ಆಚೆಗೆ ಅಟ್ಟಿದ. ಬೇವಿನ ಕೆಳಗೆ ವೀರಪ್ಪನ ಎತ್ತುಗಳನ್ನು ಕಂಡು, ಅದು ಪೂಜೆಯ ಹೊತ್ತೆಂಬುದನ್ನು ಮರೆತು, ಎತ್ತಿನ ಹತ್ತಿರವೇ ಆತನೂ ಇದ್ದಾನೆಂದು ಎಣಿಸಿದ. ಅದೇ ಗಡಿಬಿಡಿಯಲ್ಲಿ ಯಮಕನಮರಡಿಯ ಕಡೆಯಿಂದ ಬರುವ ಬಂಡಿಗಳನ್ನು ತಡೆಯಲು ಸಡಕಿನುದ್ದಕ್ಕೆ ಓಡಿಹೋದ. ಬಂಡೆಯ ಬಳಿ ಉಳಿದವರು ಇಬ್ಬರೇ: ಸಾಹೇಬ, ಮತ್ತು ವರ್ಷಗಟ್ಟಲೆ ಸುರಂಗ ಹಾರಿಸಿ ಕಿವಿ ಕೆಟ್ಟಿದ್ದ ಮದ್ದಿನ ಮುದುಕ. ಮುದುಕ ಸಾಹೇಬನ ಕೈಸನ್ನೆಯನ್ನು ನೋಡಿಯೇ ಕೆಲಸ ಮಾಡುವವನು.

ಶಿವಗಂಗವ್ವ ಡೇರೆಯ ಮುಂದೆ ಮಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಆಳುಗಳ ಗುಂಪಿನಲ್ಲಿ ಗಂಡನ ಮುಂಡಾಸವನ್ನು ಹುಡುಕಿದಳು, ಕಾಣಲಿಲ್ಲ. ಬೇವಿನ ಕಡೆ ನೋಡಿದಳು. ಚಕ್ಕಡಿಯ ನೊಗಕ್ಕೆ ಬುತ್ತಿಯ ಗಂಟು ತೂಗುತ್ತಲೇ ಇತ್ತು. ಬುತ್ತಿ ಬಿಚ್ಚಿಲ್ಲವೆಂದರೆ ಪೂಜೆ ಮುಗಿದಿಲ್ಲ. ಪೂಜೆ ಮುಗಿದಿಲ್ಲವೆಂದರೆ...

ಆಕೆ ಶಿವಾ, ಶಿವಾ ಎನ್ನುತ್ತ ಸಾಹೇಬನ ಕಡೆ ಓಡಿದಳು. ಗಾಳಿ ಸೆರಗನ್ನು ಎಳೆಯುತ್ತಿತ್ತು, ಕಲ್ಲಿನ ಚಕ್ಕೆಗಳು ಕಾಲಿಗೆ ನೆಡುತ್ತಿದ್ದವು, ಚನ್ನವ್ವ ಕಿರುಚುತ್ತಿದ್ದಳು. ಅತ್ತ ಮುದುಕ ಮದ್ದಿನ ಬತ್ತಿಗೆ ಕಿಡಿ ಮುಟ್ಟಿಸಲು ಹೊತ್ತಿಸಿದ ಹಗ್ಗವನ್ನು ಹಿಡಿದು ಬಂಡೆಯ ಕಡೆ ನಡೆದಿದ್ದ.

“ಸಾಹೇಬ! ಚನ್ನವ್ವಸ್ ಫಾದರ್! ಬಿಹೈಂಡ್ ದ ಸ್ಟೋನ್!”

ಸಾಹೇಬ ತಿರುಗಿದ. ದಿನವೂ ತನ್ನ ಕೂಸಿನೊಡನೆ ಆಡುವ ಚನ್ನವ್ವ ಅವನಿಗೆ ಗೊತ್ತು. ಮಗು ತಾಯಿಯ ಕಂಕುಳಲ್ಲಿಯೇ ಇದೆ. ಹೆದರಿದ ಹೆಂಗಸು ಮರೆಗೆ ಜಾಗ ಕೇಳುತ್ತಿದ್ದಾಳೆಂದು ತಿಳಿದು, ಬಾವುಟದ ಆಚೆಯ ಕಲ್ಲುಗುಪ್ಪೆಯನ್ನು ತೋರಿಸಿದ. “ಚನ್ನವ್ವ ಗುಡ್. ಗೋ, ಗೋ!”

“ನೋ! ಫಾದರ್! ಫಾದರ್!” ಎಂದು ಆಕೆ ಅವನ ತೋಳನ್ನೇ ಹಿಡಿದಳು.

“ವಾಟ್ ಫಾದರ್? ವಾಟ್ ನೇಮ್?”

ಹೆಸರು! ಶಿವಗಂಗವ್ವ ಹಿಡಿದ ತೋಳನ್ನು ಬಿಡಲಿಲ್ಲ. ಹೇಳಿದರೆ ಅವರ ಆಯುಷ್ಯ ತನ್ನ ಬಾಯಿಂದಲೇ ಸವೆದೀತು. ಹೇಳದಿದ್ದರೆ ಆ ಹಗ್ಗದ ಕಿಡಿ ಬತ್ತಿಗೆ ಮುಟ್ಟುವ ತನಕವೇ ಅವರ ಆಯುಷ್ಯ. ಹಿಂದೆ ನೋಡಿದರೆ ತಾಯಿ ನಿಂತಂತೆ, ಮುಂದೆ ನೋಡಿದರೆ ಮುದುಕ ಬಾಗಿದಂತೆ. ಎರಡು ಭಯಗಳ ನಡುವೆ ಸಿಕ್ಕ ಜೀವಕ್ಕೆ ದಾರಿ ತೋರಿಸುವವನು ಶಿವನೊಬ್ಬನೇ. ಅವನೇ ಆಕೆಯ ಕೊರಳನ್ನು ಬಿಚ್ಚಿದ.

“ವೀರಪ್ಪ! ವೀರಪ್ಪ ಬಿಹೈಂಡ್ ದ ಬ್ಲ್ಯಾಕ್ ಸ್ಟೋನ್! ಅಂಡರ್ ದ ಸ್ಟೋನ್!”

ಸಾಹೇಬನ ಮುಖ ಸುಣ್ಣವಾಯಿತು. ಕೂಗಿದರೆ ಮುದುಕನಿಗೆ ಕೇಳದು, ಅವನ ಬೆನ್ನು ಈ ಕಡೆಗಿತ್ತು. ಸಾಹೇಬ ತಲೆಯ ಮೇಲಿನ ಟೊಪ್ಪಿಗೆಯನ್ನು ಕಿತ್ತು ಬೀಸಿ ಒಗೆದ. ಅದು ಮುದುಕನ ಹೆಗಲಿಗೆ ಬಡಿಯಿತು. ಅವನು ಹೊರಳಿ ನೋಡಿ, ಎರಡೂ ಕೈ ಎತ್ತಿದ್ದ ಸಾಹೇಬನನ್ನು ಕಂಡು, ಹಗ್ಗವನ್ನು ಮಣ್ಣಿಗೆ ತಿಕ್ಕಿ ಕಾಲಿನಿಂದ ತುಳಿದ.

ಮೂವರೂ ಬಂಡೆಯ ಹಿಂದೆ ಹೋದರು. ಪೊಟರೆಯಲ್ಲಿ ವೀರಪ್ಪ ಕಣ್ಣು ಮುಚ್ಚಿ ಕುಳಿತಿದ್ದ. ಎಡಗೈಯ ಅಂಗೈಯಲ್ಲಿ ಲಿಂಗವಿತ್ತು, ತುಟಿಗಳು ಅಲುಗುತ್ತಿದ್ದವು. ಸಾಹೇಬ ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬರಿದಲೆಯಲ್ಲಿ ಕಾದು ನಿಂತ. ಮಳೆಯ ಮೊದಲ ಹನಿಗಳು ಬಿದ್ದವು. ಯಾರೂ ಕದಲಲಿಲ್ಲ.

ವೀರಪ್ಪ ಲಿಂಗವನ್ನು ಕೊರಳಿನ ಕರಡಿಗೆಯಲ್ಲಿಟ್ಟು ಕಣ್ಣು ತೆರೆದಾಗ ಹೆಂಡತಿ, ಸಾಹೇಬ, ಮುದುಕ ಎದುರಿಗಿದ್ದರು. ಅವನ ಕಣ್ಣು ಬಂಡೆಯ ಮೈಮೇಲಿನ ಮದ್ದಿನ ಬತ್ತಿಗಳ ಮೇಲೆ ನಿಂತಿತು. ಅಷ್ಟರಲ್ಲಿ ಏದುತ್ತ ಓಡಿಬಂದ ರಾಯಪ್ಪನಿಗೆ ಸಾಹೇಬ ಬೇವಿನ ಕಡೆ ಬೆರಳು ತೋರಿಸಿ ಗದರಿದ. ಆ ಬೈಗುಳದ ರಾಶಿಯೊಳಗೆ ಶಿವಗಂಗವ್ವನಿಗೆ ತಿಳಿದದ್ದು ಎರಡೇ ಮಾತು: ‘ವೀರಪ್ಪಸ್ ಕಾರ್ಟ್’. ಆ ‘ಸ್’ ಕಿವಿಗೆ ಬಿದ್ದಾಗ ಆಕೆ ನೆಲಕ್ಕೆ ಕುಸಿದು ಅತ್ತಳು.

ಸಂಜೆ ಗುಡಿಸಲಿನಲ್ಲಿ ಒಲೆ ಹೊತ್ತಿರಲಿಲ್ಲ.

“ಯಾಕ, ಇನ್ನೂ ಅಳಾಕತ್ತಿ? ನಾ ಇದ್ದೇನಲ್ಲ,” ಎಂದ ವೀರಪ್ಪ.

“ನಿಮ್ಮ ಹೆಸರ ತಗೊಂಡೇನ್ರಿ.”

“ಒಡಪಿನ್ಯಾಗ?”

“ಇಂಗ್ಲಿಷಿನ್ಯಾಗ.”

“ಹಂಗಾರ ಬಿಡ. ಅವರದೆಲ್ಲಾ ಉಲ್ಟಾ ಅಂತ ನೀನ ಹೇಳೀಯಲ್ಲ. ಆಯುಷ್ಯ ಹೆಚ್ಚಾದೀತು,” ಎಂದು ನಗಲು ಹೋದ. ಆದರೆ ಬಾಯಿಗೆ ಎತ್ತಿದ ತಂಬಿಗೆಯ ನೀರು ಎದೆಯ ಮೇಲೆಲ್ಲ ಚೆಲ್ಲಿತು. ಆಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಮತ್ತೆ ನಗಲಿಲ್ಲ.

ಮರುದಿನ ನಡುಹಗಲು ವೀರಪ್ಪ ಬಂಡೆಯನ್ನು ಬಿಟ್ಟು ಬೇವಿನ ಕೆಳಗೆ ಪೂಜೆಗೆ ಕುಳಿತ. ಶಿವಗಂಗವ್ವ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಅವನಿಗೆ ಬೆನ್ನು ಮಾಡಿ, ಬಂಡೆಯ ಕಡೆ ಕಣ್ಣಿಟ್ಟು ಕುಳಿತಳು. ಅಲ್ಲಿಂದ ಮುಂದೆ ಮೂಡಲಗಿಗೆ ಮರಳಿದ ಮೇಲೆಯೂ, ಸುರಂಗವಾಗಲಿ ಬಂಡೆಯಾಗಲಿ ಇಲ್ಲದ ಸ್ವಂತ ಮನೆಯ ಪಡಸಾಲೆಯಲ್ಲಿಯೂ, ಗಂಡ ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗ ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಹೊಸ್ತಿಲಲ್ಲಿ ಹಾಗೆಯೇ ಕೂಡುತ್ತಿದ್ದಳು. ಅವನು ಕಣ್ಣು ತೆರೆದ ಮೇಲೆಯೇ ಏಳುತ್ತಿದ್ದಳು.