ಉಸಿರು ಬಿಡುವ ಹಾಡುಗಾರರ ಮೇಲೆ ನನ್ನ ಸಿಟ್ಟು

ಸಿಟ್ಟು ಬಂದಾಗ ನನಗೆ ಹಸಿವಾಗುತ್ತದೆ. ಹೀಗಾಗಿ ಈ ಚಳಿಗಾಲದಲ್ಲಿ ಒಮ್ಮೆ ಲಂಡನ್ನಿನ ಸ್ಟ್ರಾಟ್‌ಫರ್ಡಿನ ಶಾಪಿಂಗ್ ಸೆಂಟರಿಗೆ ಬೂಟು ಕೊಳ್ಳಲು ಹೋದವಳು ಬೂಟು ಬಿಟ್ಟು, ದೊಡ್ಡದೊಂದು ಕೇಕು ತಿಂದು ಮನೆಗೆ ಬಂದೆ. ಅಂಗಡಿಯ ಚಾವಣಿಯಿಂದ ಒಂದು ಹಾಡು ತೊಟ್ಟಿಕ್ಕುತ್ತಿತ್ತು. ಅದು ನನ್ನ ಹಾಡು. ಅದನ್ನು ಯಾರೋ ಆಗಷ್ಟೇ ನಿದ್ದೆಯಿಂದೆದ್ದು, ಹಲ್ಲು ಕೂಡ ಉಜ್ಜದೆ ಹಾಡುತ್ತಿದ್ದರು.

ನನ್ನ ಹಾಡು ಎಂದರೆ ನಾನು ಬರೆದದ್ದಲ್ಲ, ಹಾಡಿದ್ದೂ ಅಲ್ಲ. ಪೂರ್ತಿ ಅರ್ಥವಾಗುತ್ತದೆ ಎಂದೂ ಹೇಳಲಾರೆ. ಅದು ಫ್ರೆಂಚ್ ಭಾಷೆಯ ಹಳೆಯ ಹಾಡು. ಈ ಬಗೆಯನ್ನು ಶಾನ್ಸೋ ಎನ್ನುತ್ತಾರೆ. ಒಬ್ಬ ಹೆಂಗಸು ರೈಲು ನಿಲ್ದಾಣದ ಹೋಟೆಲಿನಲ್ಲಿ ಕೂತು ಎರಡು ಕಪ್ ಕಾಫಿ ಹೇಳುತ್ತಾಳೆ. ಒಂದನ್ನು ಕುಡಿಯುತ್ತಾಳೆ. ಇನ್ನೊಂದು ಆರಿ ತಣ್ಣಗಾಗುತ್ತದೆ. ಎದ್ದು ಹೋಗುತ್ತಾಳೆ. ಕಥೆ ಇಷ್ಟೇ.

ನಾನು ಅರಿವಳಿಕೆ ಕೊಡುವ ಡಾಕ್ಟರು. ಧಾರವಾಡದಿಂದ ಬಂದು ಲಂಡನ್ನಿನಲ್ಲಿ ಮೊದಲು ಸೇರಿದ ಆಸ್ಪತ್ರೆಯಲ್ಲಿ ಬೆಲ್ಜಿಯಂನ ಸರ್ಜನ್ ಒಬ್ಬರಿದ್ದರು. ಇಲ್ಲಿ ಆಪರೇಷನ್ ಮಾಡುವಾಗ ಹಾಡು ಹಾಕಿಕೊಳ್ಳುವ ರೂಢಿ ಉಂಟು. ಅವರು ಶಾನ್ಸೋ ಹಾಕುತ್ತಿದ್ದರು, ಹೊಲಿಗೆ ಹಾಕುತ್ತ ಹಾಕುತ್ತ ನನಗೆ ಸಾಲು ಸಾಲಾಗಿ ಅರ್ಥ ಹೇಳುತ್ತಿದ್ದರು. ರೋಗಿಯ ತಲೆಯ ಹತ್ತಿರ ನಿಂತು ನಾನು ಕೇಳುತ್ತಿದ್ದೆ. ಆಗ ನನ್ನ ಹೆಸರನ್ನು ಸರಿಯಾಗಿ ಕರೆಯುವವರು ಕೂಡ ಈ ಊರಲ್ಲಿ ಇರಲಿಲ್ಲ. ಆ ಕಾಫಿಯ ಹೆಂಗಸೇ ನನ್ನ ಮೊದಲ ಗೆಳತಿ. ಅವಳ ಜೊತೆ ನಾನೂ ಎಷ್ಟೋ ಸಲ, ಮಾಸ್ಕಿನ ಒಳಗೇ, ಅತ್ತಿದ್ದೇನೆ.

ಶಾನ್ಸೋದಲ್ಲಿ ಯಜಮಾನಿಕೆ ಮಾತಿನದು. ರಾಗ ಅದರ ಹಿಂದೆ ಕೊಡೆ ಹಿಡಿದು ನಡೆಯುತ್ತದೆ. ಹಳೆಯ ಹಾಡುಗಾರರು ಒಂದೊಂದು ಶಬ್ದವನ್ನೂ ಕಬ್ಬಿನ ಹಾಗೆ ಹಲ್ಲಲ್ಲಿ ಕಚ್ಚಿ ಸಿಗಿದು ಹಾಡುತ್ತಿದ್ದರು. ಹಿನ್ನೆಲೆಗೆ ಅಕಾರ್ಡಿಯನ್. ಅದು ನಮ್ಮ ಹಾರ್ಮೋನಿಯಮ್ಮಿನ ದಾಯಾದಿ. ಧಾರವಾಡದ ನಾವು ಪೇಟಿ ಎಂದು ಕರೆದು, ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ಆ ಹಾರ್ಮೋನಿಯಂ ಹುಟ್ಟಿದ್ದೂ ಪ್ಯಾರಿಸ್ಸಿನಲ್ಲೇ. ಆದ್ದರಿಂದ ಈ ವಿಷಯದಲ್ಲಿ ಸಿಟ್ಟಾಗುವ ಹಕ್ಕು ನನಗೆ ತವರುಮನೆಯಿಂದಲೇ ಬಂದಿದೆ.

ಈಗಿನವರು ಏನು ಮಾಡುತ್ತಾರೆ? ಉಸಿರು ಬಿಡುತ್ತಾರೆ. ಮೈಕನ್ನು ಐಸ್‌ಕ್ರೀಮಿನ ಹಾಗೆ ತುಟಿಗೆ ಹಚ್ಚಿಕೊಂಡು ಮೂರು ಪಾಲು ಗಾಳಿಗೆ ಒಂದು ಪಾಲು ದನಿ ಬೆರೆಸುತ್ತಾರೆ. ಕಾಫಿ ಅಂಗಡಿಯಲ್ಲಿ ಅದೇ, ಲಿಫ್ಟಿನಲ್ಲಿ ಅದೇ, ಹಾಸಿಗೆಯ ಜಾಹೀರಾತಿನಲ್ಲೂ ಅದೇ. ಜನರ ಉಸಿರು ಕಾಯುವುದೇ ನನ್ನ ಉದ್ಯೋಗ. ಇವರು ನನ್ನ ಕೈಗೆ ಸಿಕ್ಕಿದ್ದರೆ ಎರಡನೆಯ ಮಾತಿಲ್ಲದೆ ಆಮ್ಲಜನಕ ಹಚ್ಚಿಬಿಡುತ್ತಿದ್ದೆ.

ದುರದೃಷ್ಟವೆಂದರೆ ಶತ್ರು ಮನೆಯಲ್ಲೇ ಇದ್ದಳು. ಕಾಲೇಜಿನಲ್ಲಿ ಫ್ರೆಂಚ್ ಓದುತ್ತಿರುವ ನನ್ನ ಮಗಳು ಮೇಘನಾ ಕಿಂಗ್ಸ್‌ಬರಿಯ ನಮ್ಮ ಮನೆಯ ಮಹಡಿಯಲ್ಲಿ ಗಿಟಾರ್ ಹಿಡಿದು ಅದೇ ಹಾಡನ್ನು ಅದೇ ಉಸಿರಿನಲ್ಲಿ ಹಾಡುತ್ತಾಳೆ. ಅವಳು ಹಾಡಿದಾಗಲೆಲ್ಲ ನಾನು ಮೆಟ್ಟಿಲ ಬುಡದಲ್ಲಿ ನಿಂತು ಉಪನ್ಯಾಸ ಕೊಡುತ್ತೇನೆ. ಬೂಟಿಲ್ಲದೆ ಮರಳಿದ ಆ ದಿನ ಉಪನ್ಯಾಸ ಸ್ವಲ್ಪ ಉದ್ದವಾಯಿತು. ಅವಳು ಕೆಳಗಿಳಿದು ಬಂದಳು.

"ಅಮ್ಮಾ, ಶಾಪಲ್ಲಿ ಕೇಳಿದೆಯಲ್ಲ, ಆ ಸಿಂಗರ್ ನೆಕ್ಸ್ಟ್ ವೀಕ್ ಇಲ್ಲೇ ಹಾಡ್ತಾಳೆ. ಕಮ್ ವಿತ್ ಮಿ. ಕೇಳಿದ ಮೇಲೂ ಯು ಹೇಟ್ ಇಟ್ ಅಂದ್ರೆ, ಐ ವೋಂಟ್ ಸಿಂಗ್ ದೀಸ್ ಸಾಂಗ್ಸ್ ಅಟ್ ಹೋಮ್. ಎವರ್."

"ಆತು, ನಡಿ," ಎಂದೆ. ಇಷ್ಟು ಸುಲಭದ ಗೆಲುವನ್ನು ಯಾರು ಬಿಡುತ್ತಾರೆ?

ನನ್ನ ಗಂಡ ಮೈಸೂರಿನವರು, ಜಿಪಿ, ಅಂದರೆ ಇಲ್ಲಿಯ ಬಡಾವಣೆಯ ಡಾಕ್ಟರು. ಪೇಪರಿನಿಂದ ತಲೆ ಎತ್ತದೆ ಕೇಳಿದರು: "ಗೆದ್ರೆ ನಿಂಗೇನು ಸಿಗತ್ತೆ? ಮನೇಲಿ ಹಾಡು ನಿಂತೋಗತ್ತೆ, ಅಷ್ಟೇ ತಾನೆ?"

ಮೈಸೂರಿನವರಿಗೆ ಇಂಥ ಮಾತನ್ನು ಮೆತ್ತಗೆ ಆಡುವ ಅಭ್ಯಾಸವಿದೆ. ನಾನು ಮಗಳ ಕಡೆ ತಿರುಗಿ ಟಿಕೆಟಿಗೆ ಎಷ್ಟು ಎಂದು ಕೇಳಿದೆ.

ಸಭಾಂಗಣದಲ್ಲಿ ಕೈ ಕಟ್ಟಿ, ಸಿಟ್ಟಾಗಲು ಸಿದ್ಧಳಾಗಿ ಕೂತೆ. ತಲೆ ಬೋಳು ಎನ್ನಿಸುವಷ್ಟು ಕೂದಲು ಕತ್ತರಿಸಿಕೊಂಡ ಸಣ್ಣ ಹುಡುಗಿ ವೇದಿಕೆಗೆ ಬಂದಳು. ಅಕಾರ್ಡಿಯನ್ ಇಲ್ಲವೆಂದು ಸಿಟ್ಟಾದೆ. ಚಪ್ಪಲಿ ಹಾಕಿಲ್ಲವೆಂದು ಸಿಟ್ಟಾದೆ. ಪಕ್ಕದವರು ಕಣ್ಣು ಮುಚ್ಚಿ ತೂಗಾಡುತ್ತಿದ್ದಾರೆಂದು ಇನ್ನಷ್ಟು ಸಿಟ್ಟಾದೆ. ಆಮೇಲೆ ನನ್ನ ಹಾಡು ಬಂತು.

ಅವಳು ಅದನ್ನು ಹಾಡಿದಳು ಎನ್ನುವುದಕ್ಕಿಂತ ಹೇಳಿದಳು. ಎರಡನೆಯ ಕಪ್ಪು ತಣ್ಣಗಾಗುವ ಸಾಲಿಗೆ ಬಂದು, ಒಂದು ಶಬ್ದವನ್ನು ಅರ್ಧಕ್ಕೆ ಬಿಟ್ಟು ಸುಮ್ಮನಾದಳು. ಮುಗಿಯಿತೇನೋ ಎನ್ನುವಷ್ಟರಲ್ಲಿ ಉಳಿದರ್ಧವನ್ನು ಎಲ್ಲಿ ಇಡಬೇಕೋ ಅಲ್ಲೇ ತಂದಿಟ್ಟಳು.

"ವ್ಹಾ! ವ್ಹಾ ವ್ಹಾ!" ಎಂದು ಯಾರೋ ಗಟ್ಟಿಯಾಗಿ ಕೂಗಿದರು.

ಯಾವ ಊರಿನವರಪ್ಪ ಇವರು ಎಂದು ತಿರುಗಿ ನೋಡಲು ಹೋದಾಗ ಗೊತ್ತಾಯಿತು, ಕೂಗಿದವಳು ನಾನೇ. ಬಲಗೈ ಕೂಡ ನನ್ನನ್ನು ಕೇಳದೆ ಮೇಲೆದ್ದಿತ್ತು.

ಮುಂದಿನ ಸಾಲಿನವರೆಲ್ಲ ತಿರುಗಿದರು. ಬಾಗಿಲು ಕಾಯುವ ತರುಣ ಟಾರ್ಚು ಹಿಡಿದು ಬಗ್ಗಿ ಬಂದು, ದಯವಿಟ್ಟು ಸದ್ದು ಮಾಡಬೇಡಿ ಎಂದ. ನಾನೇನು ಫೋನಿನಲ್ಲಿ ಮಾತಾಡಿದೆನೇ? ಚಿಪ್ಸು ತಿಂದೆನೇ? ಧಾರವಾಡದಲ್ಲಿ ನಮ್ಮ ತಂದೆಯ ಪಡಸಾಲೆಯಲ್ಲಿ ಸಂಗೀತದ ಬೈಠಕ್ ನಡೆಯುವಾಗ ಯಾರೂ ವ್ಹಾ ಎನ್ನದಿದ್ದರೆ ಮಂದಿ ಮಲಗಿದ್ದಾರೆಂದು ಹಾಡುವ ಬುವಾ ಪೇಟಿಯವರ ಮುಖ ನೋಡುತ್ತಿದ್ದರು. ಯಾರಾದರೂ ವ್ಹಾ ಎಂದರೆ ಅದೇ ಸಾಲನ್ನು ಹುರುಪಿನಿಂದ ಇನ್ನೊಂದು ಥರ ಹಾಡುತ್ತಿದ್ದರು. ಆ ಇನ್ನೊಂದು ಥರಕ್ಕಾಗಿಯೇ ನಾವು ಕಾಯುತ್ತಿದ್ದೆವು. ಇಲ್ಲಿ ಮೆಚ್ಚಿಗೆಯನ್ನೂ ಕೆಮ್ಮಿನ ಹಾಗೆ ಹಾಡು ಮುಗಿಯುವ ತನಕ ತಡೆದುಕೊಳ್ಳಬೇಕಂತೆ! ಮೇಘನಾ ಮುಖ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಸಿದಿದ್ದಳು. ನಾಚಿಕೆ ಎಂದುಕೊಂಡೆ. ಹೆಗಲು ಕುಲುಕುತ್ತಿತ್ತು, ನಗುತ್ತಿದ್ದಳು.

ಆ ಹುಡುಗಿ ಹಾಡು ನಿಲ್ಲಿಸಿದಳು. ದೀಪದ ಬೆಳಕಿಗೆ ಹಣೆಯ ಮೇಲೆ ಕೈ ಅಡ್ಡ ಇಟ್ಟು ನಾವಿದ್ದ ಕಡೆ ನೋಡಿ ನಕ್ಕಳು. ಮತ್ತೆ ಅದೇ ಸಾಲನ್ನು ಎತ್ತಿಕೊಂಡಳು, ಇನ್ನೊಂದು ಥರ. ಈ ಸಲ ಕಾಫಿಯ ಹೆಂಗಸು ಅಳುತ್ತಿರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷದ ಗೆಳೆತನದಲ್ಲಿ ಅವಳಿಗೂ ಸಿಟ್ಟು ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಮರಳುವಾಗ ಟ್ಯೂಬ್ ರೈಲಿನಲ್ಲಿ ಮಗಳು ಕೇಳಿದಳು: "ಸೋ?"

"ಉಸುರು ಭಾಳಾತು," ಎಂದೆ. "ಪೇಟಿನೂ ಇಲ್ಲ, ಅಕಾರ್ಡಿಯನ್ನೂ ಇಲ್ಲ."

"ಅಮ್ಮಾ, ಯು ಶೌಟೆಡ್!"

"ಅದು ಬಾಯಿ ತಪ್ಪಿ ಬಂತು."

ಅವಳು ವಾದ ಮಾಡಲಿಲ್ಲ. ಮಾಡಬೇಕಿತ್ತು. ಮರುದಿನ ಮಹಡಿಯಿಂದ ಹಾಡು ಕೇಳಲಿಲ್ಲ, ಅದರ ಮರುದಿನವೂ ಇಲ್ಲ. ಆಡಿದ ಮಾತಿಗೆ ತಪ್ಪದ ಮಗಳನ್ನು ಬೆಳೆಸಿದ್ದಕ್ಕೆ ಹೆಮ್ಮೆಪಡಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಫ್ರಿಜ್ಜಿನ ಗುಂಯ್ ಸದ್ದು ಕೇಳುವಷ್ಟು ಮನೆ ಸುಮ್ಮನಾಯಿತು. ಗಂಡ ಪೇಪರಿನ ಪುಟವನ್ನು ಬೇಕಂತಲೇ ಸದ್ದು ಮಾಡಿ ತಿರುವುತ್ತಿದ್ದರು.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದವಳಿಗೆ ತಡೆಯಲಾಗಲಿಲ್ಲ. ಸೌಟು ಹಿಡಿದೇ ಮೆಟ್ಟಿಲ ಬುಡಕ್ಕೆ ಹೋದೆ.

"ಯಾಕ ಹಾಡವಲ್ಲಿ? ಬಾಯಿಗೆ ಬೀಗ ಹಾಕ್ಕೊಂಡಿಯೇನು?"

"ಬಟ್ ಯು ಸೆಡ್..."

"ನಾ ಏನರ ಅಂತೀನಿ. ನೀ ಹಾಡು!"

ಮೊದಲು ಗಿಟಾರು, ಅದರ ಹಿಂದೆ ಉಸಿರು, ಉಸಿರಿನ ಒಳಗೆಲ್ಲೋ ನನ್ನ ಮಗಳ ದನಿ. ಎರಡನೆಯ ಕಪ್ಪು ತಣ್ಣಗಾಗುವ ಸಾಲು ಬಂತು. ಒಲೆಯ ಮುಂದಿನಿಂದಲೇ "ವ್ಹಾ!" ಎಂದೆ. ಅವಳು ನಿಲ್ಲಿಸಿದಳು, ಆ ಸಾಲನ್ನು ಇನ್ನೊಂದು ಥರ ಹಾಡಿದಳು. ಉಸಿರು ಮೊದಲಿಗಿಂತ ಹೆಚ್ಚಾಗಿತ್ತು.

ನನಗೆ ಎಷ್ಟು ಸಿಟ್ಟು ಬಂತೆಂದರೆ, ಮತ್ತೊಮ್ಮೆ ವ್ಹಾ ಎಂದು, ಎರಡು ತಟ್ಟೆ ಉಪ್ಪಿಟ್ಟು ತಿಂದೆ.